ಚಕ್ರದ ಸದ್ದು ಏನು ಹೇಳುತ್ತಿದೆ?

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೊರಟ ಕಾರಿನ ಮುಂದಿನ ಚಕ್ರದಲ್ಲಿ ಇದ್ದಕ್ಕಿದ್ದಂತೆ ‘ಕಿರ್ರ್’ ಸದ್ದು. ಬ್ರೇಕ್ ಒತ್ತಿದರೂ ಬಿಟ್ಟರೂ ನಿಲ್ಲದು. ಎಷ್ಟೋ ಸಲ ಇದಕ್ಕೆ ಕಾರಣ ಒಂದು ಪುಟ್ಟ ಜಲ್ಲಿಕಲ್ಲು. ಡಿಸ್ಕ್‌ಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಖಾಲಿ ಜಾಗದಲ್ಲಿ ಕಾರನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿದರೆ ಹಲವು ಬಾರಿ ತಾನೇ ಉದುರಿಹೋಗುತ್ತದೆ.

ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಎಂದು ಆಮೇಲೆ ಸುಮ್ಮನಾದರೆ, ಅದು ಡಿಸ್ಕ್ ಮೇಲಿನ ತೆಳು ತುಕ್ಕು. ಚಿಂತೆ ಬೇಡ.

ಬ್ರೇಕ್ ಒತ್ತಿದಾಗಲೆಲ್ಲ ಕೀಚಲು ಸದ್ದು ಬಂದರೆ ಪ್ಯಾಡ್ ನೋಡಬೇಕು. ಅನೇಕ ಪ್ಯಾಡ್‌ಗಳಲ್ಲಿ ಸವೆತ ತಿಳಿಸಲೆಂದೇ ಒಂದು ಲೋಹದ ಪಟ್ಟಿ ಇರುತ್ತದೆ. ಅಲಾಯ್ ಚಕ್ರದ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟರೆ ಪ್ಯಾಡ್‌ನ ದಪ್ಪ ಕಾಣುತ್ತದೆ. 3 ಮಿಲಿಮೀಟರ್‌ಗೆ ಇಳಿದಿದ್ದರೆ ಬದಲಿಸಲೇಬೇಕು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗೊರಗೊರ ಕೇಳಿದರೆ ಕಾರು ಅಲ್ಲೇ ನಿಲ್ಲಲಿ. ಮೈಸೂರು ಮುಟ್ಟಿಸುವ ಧೈರ್ಯ ಖಂಡಿತ ಬೇಡ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ನುಣುಪು ರಸ್ತೆಯಲ್ಲಿ ಇನ್ನೊಂದು ಸದ್ದು ಚೆನ್ನಾಗಿ ಕೇಳುತ್ತದೆ: ವೇಗದ ಜೊತೆ ಏರುವ ‘ಗುಂಯ್’. ಎಡ ತಿರುವಿನಲ್ಲಿ ಅದು ಜೋರಾದರೆ, ಭಾರ ಬೀಳುವ ಬಲಚಕ್ರದ ಬೇರಿಂಗ್ ಮೇಲೆ ಅನುಮಾನ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಚಕ್ರದ ಮೇಲಂಚು ಕೆಳಂಚು ಹಿಡಿದು ಅಲ್ಲಾಡಿಸಿದಾಗ ಸಡಿಲ ಎನಿಸಿದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಜಾಕ್ ಮೇಲಿನ ಕಾರಿನ ಕೆಳಗೆ ಮಾತ್ರ ಯಾರೂ ನುಗ್ಗಬಾರದು!

ನಾಗಮಂಗಲದ ಇಕ್ಕಟ್ಟು ಓಣಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ‘ಟಕ್ ಟಕ್’ ಎಂದರೆ ಆಕ್ಸಲ್ ಜಾಯಿಂಟ್ ಕಡೆ ಗಮನ. ಅದರ ರಬ್ಬರ್ ಬೂಟ್ ಹರಿದು, ಚಕ್ರದ ಒಳಬದಿಗೆ ಗ್ರೀಸ್ ಚೆಲ್ಲಿರುತ್ತದೆ.