ಪ್ಯಾಕೆಟ್ಟು ಸುತ್ತಿಗೆ ಬಿದ್ದಾಗ

ಮಂಗಳೂರಿನ ಬಂದರಿನಿಂದ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಲಕ್ಷದ್ವೀಪಕ್ಕೆ ಮಂಜಿ ಹಡಗುಗಳಲ್ಲಿ ಸಾಮಾನು ಸಾಗಿಸುವ ಕಚೇರಿ ಅವರದು. ಒಂದು ದಿನವಿಡೀ ಅವರಿಗೆ ಬೇಕಾದ ಸರ್ವರ್ ಒಂದೇ ಸಿಗಲಿಲ್ಲ, ಉಳಿದದ್ದೆಲ್ಲ ಸರಿಯಿತ್ತು. ಪಿಂಗ್ ಮಾಡಿದರೆ ‘ಟಿಟಿಎಲ್ ಎಕ್ಸ್‌ಪೈರ್ಡ್ ಇನ್ ಟ್ರಾನ್ಸಿಟ್’ ಎಂಬ ಉತ್ತರ. ಟ್ರೇಸ್‌ರೂಟ್ ಹಾಕಿದರೆ ನಾಲ್ಕನೇ ಸಾಲಿನಿಂದ ಮೂವತ್ತನೇ ಸಾಲಿನವರೆಗೂ ಅವೇ ಎರಡು ವಿಳಾಸಗಳು, ಒಂದಾದ ಮೇಲೊಂದು. ಯಾರಾದರೂ ಹ್ಯಾಕ್ ಮಾಡಿದ್ದಾರೆಯೇ ಎಂಬುದು ಅವರ ಆತಂಕ.

ಹ್ಯಾಕ್ ಅಲ್ಲ, ಇದು ರೂಟಿಂಗ್ ಲೂಪ್. ಎರಡು ರೂಟರುಗಳು ‘ಆ ಊರಿನ ದಾರಿ ನಿನ್ನ ಕಡೆಯಿಂದ’ ಎಂದು ಪರಸ್ಪರ ನಂಬಿ ಕೂತಿವೆ.

ಇಂಥ ನಂಬಿಕೆ ಹುಟ್ಟುವುದು ಹಳಸಿದ ಸುದ್ದಿಯಿಂದ. ಬಂದರು, ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ ಎಂದು ಒಂದೇ ಸಾಲಿನಲ್ಲಿ ಮೂರು ರೂಟರುಗಳಿವೆ ಎಂದಿಟ್ಟುಕೊಳ್ಳಿ. ಹಂಪನಕಟ್ಟೆ ಸ್ಟೇಟ್‌ಬ್ಯಾಂಕಿಗೆ ಒಂದು ಹೆಜ್ಜೆ, ಬಂದರಿಗೆ ಎರಡು. ಸ್ಟೇಟ್‌ಬ್ಯಾಂಕ್–ಹಂಪನಕಟ್ಟೆ ನಡುವಿನ ಕೇಬಲ್ಲು ತುಂಡಾಯಿತು. ಆ ಸುದ್ದಿ ಮುಟ್ಟುವ ಮೊದಲೇ ಬಂದರು ಎಂದಿನಂತೆ ‘ಹಂಪನಕಟ್ಟೆ ನನ್ನಿಂದ ಎರಡೇ ಹೆಜ್ಜೆ’ ಎಂದು ಸಾರುತ್ತದೆ. ಆ ಎರಡು ಹೆಜ್ಜೆ ತನ್ನ ಮೂಲಕವೇ ಎಂಬುದು ಸ್ಟೇಟ್‌ಬ್ಯಾಂಕಿಗೆ ಗೊತ್ತಿಲ್ಲ. ‘ಹಾಗಾದರೆ ನನಗೆ ಮೂರು’ ಎಂದು ಬರೆದುಕೊಳ್ಳುತ್ತದೆ. ಅದನ್ನು ಕೇಳಿ ಬಂದರು ನಾಲ್ಕು ಎನ್ನುತ್ತದೆ, ಇದು ಐದು, ಅದು ಆರು. ಅಷ್ಟು ಹೊತ್ತೂ ಪ್ಯಾಕೆಟ್ಟುಗಳು ಇಬ್ಬರ ನಡುವೆ ಓಡಾಡುತ್ತಲೇ ಇರುತ್ತವೆ.

1988ರಲ್ಲಿ ಚಾರ್ಲ್ಸ್ ಹೆಡ್ರಿಕ್ ದಾಖಲಿಸಿದ ‘ರಿಪ್’ ಎಂಬ ಪದ್ಧತಿ ಇದಕ್ಕೆ ಗಡಿ ಹಾಕಿತು: ಲೆಕ್ಕ 16 ಮುಟ್ಟಿದರೆ ಆ ಊರಿಗೆ ದಾರಿಯೇ ಇಲ್ಲ ಎಂದರ್ಥ. ಜೊತೆಗೆ, ಯಾರಿಂದ ದಾರಿ ಕಲಿತೆಯೋ ಅವರಿಗೇ ಅದನ್ನು ತಿರುಗಿಸಿ ಹೇಳಬೇಡ ಎಂಬ ನಿಯಮ. ಇಬ್ಬರ ನಡುವಿನ ಸುತ್ತು ಇದರಿಂದ ನಿಲ್ಲುತ್ತದೆ. ಮೂವರು ತ್ರಿಕೋನವಾಗಿ ಕೂತರೆ ನಿಲ್ಲುವುದಿಲ್ಲ.

ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ಟಿನವರು ಈ ಕೇಳಿಕೆ-ಹೇಳಿಕೆಯ ಕ್ರಮಕ್ಕೆ ಬೇಸತ್ತು 1979ರಲ್ಲೇ ಅದನ್ನು ಬಿಟ್ಟಿದ್ದರು. ಪ್ರತಿ ರೂಟರಿಗೂ ಇಡೀ ಜಾಲದ ನಕ್ಷೆ ಕೊಟ್ಟು, ಡೈಕ್ಸ್‌ಟ್ರಾ 1959ರಲ್ಲಿ ಪ್ರಕಟಿಸಿದ ಸೂತ್ರದಿಂದ ಹತ್ತಿರದ ದಾರಿ ಹುಡುಕಿಸಿದರು. ಆದರೂ ನನ್ನ ಮೆಚ್ಚಿನ ಪರಿಹಾರ ಬೇರೆ. 1989ರಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೊವ್ ರೆಕ್ಟರ್ ಊಟದ ಮೇಜಿನ ಮೇಲೆ ನ್ಯಾಪ್ಕಿನ್ನಿನಲ್ಲಿ ಗೀಚಿದ ‘ಬಿಜಿಪಿ’ಯಲ್ಲಿ ದೂರದ ಲೆಕ್ಕದ ಬದಲು ದಾರಿಯನ್ನೇ ಹೇಳುತ್ತಾರೆ: ಇಂಥ ಜಾಲ, ಅದರಾಚೆ ಇಂಥ ಜಾಲ. ಆ ಪಟ್ಟಿಯಲ್ಲಿ ತನ್ನದೇ ಜಾಲ ಕಂಡರೆ ರೂಟರು ಆ ಸುದ್ದಿಯನ್ನು ಎಸೆದುಬಿಡುತ್ತದೆ. ಇಷ್ಟು ಸರಳವಾದ ನಿಯಮದ ಮೇಲೆ ಇವತ್ತಿನ ಇಂಟರ್ನೆಟ್ಟು ನಿಂತಿದೆ ಎಂಬುದು ನನಗೆ ಈಗಲೂ ರೋಮಾಂಚನ.

ಇಷ್ಟೆಲ್ಲ ತಪ್ಪಿಸಿಕೊಂಡ ಪ್ಯಾಕೆಟ್ಟಿಗೆ ಕೊನೆಯ ತಡೆ ಟಿಟಿಎಲ್. 1981ರ ಐಪಿ ನಿಯಮಾವಳಿಯಲ್ಲೇ ಇರುವ ಈ ಸಂಖ್ಯೆ ಹೆಚ್ಚೆಂದರೆ 255. ವಿಂಡೋಸ್ ಸಾಮಾನ್ಯವಾಗಿ 128 ಕೊಟ್ಟು ಕಳಿಸುತ್ತದೆ. ಪ್ರತಿ ರೂಟರೂ ಒಂದೊಂದು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಡಿ, ಕಳಿಸಿದವರಿಗೆ ತಿಳಿಸುತ್ತದೆ. ವ್ಯಾನ್ ಜೇಕಬ್ಸನ್ ಈ ಮರಣವಾರ್ತೆಯನ್ನೇ ಬಳಸಿಕೊಂಡು ಟ್ರೇಸ್‌ರೂಟ್ ಬರೆದರು. ಟಿಟಿಎಲ್ 1, 2, 3 ಎಂದು ಏರಿಸುತ್ತ ಹೋಗಿ, ಎಲ್ಲೆಲ್ಲಿ ಪ್ಯಾಕೆಟ್ಟು ಸತ್ತಿತು ಎಂದು ಬರೆದಿಡುವುದೇ ಅದರ ಕೆಲಸ.

ರೂಟರುಗಳು ತಾವೇ ಮಾತಾಡಿಕೊಂಡಾಗ ಹುಟ್ಟುವ ಸುತ್ತುಗಳು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಕರಗುತ್ತವೆ. ದಿನವಿಡೀ ಉಳಿಯಿತೆಂದರೆ ಬಹುಮಟ್ಟಿಗೆ ಅದು ಯಾರೋ ಕೈಯಾರೆ ಬರೆದ ತಪ್ಪು ದಾರಿ. ಅದನ್ನು ಮೇಲೆ ಹೇಳಿದ ಯಾವ ನಿಯಮವೂ ಪರೀಕ್ಷಿಸುವುದಿಲ್ಲ. ‘ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಎಐ ನೆಟ್‌ವರ್ಕ್’ ಎಂಬ ಜಾಹೀರಾತುಗಳನ್ನು ನಾನು ನಂಬದಿರುವುದು ಇದಕ್ಕೇ.

ಆದ್ದರಿಂದ ಬಂದರಿನ ಓದುಗರೇ, ಮೋಡೆಮ್ ಆಫ್ ಮಾಡಿ ಆನ್ ಮಾಡುತ್ತ ಕೂರಬೇಡಿ. ಮತ್ತೆ ಹೀಗಾದರೆ ಆ ಮೂವತ್ತು ಸಾಲುಗಳನ್ನು ಹಾಗೇ ಕಾಪಿ ಮಾಡಿ, ಸಮಯ ಬರೆದು, ಇಂಟರ್ನೆಟ್ ಕೊಡುವವರಿಗೆ ಕಳಿಸಿ. ತಪ್ಪು ಇರುವುದು ಆ ಎರಡು ವಿಳಾಸಗಳ ನಡುವೆ.