ಕಾಣದ ಬೆಳಕಿನ ದೀಪ

ಗಾಳಿಯು ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿ ಬೆರೆತಿರುವ ವಿಷವೂ ಅನೇಕ ವೇಳೆ ಕಾಣುವುದಿಲ್ಲ. ಮೂಗು ಕೆಲವು ವಾಸನೆಗಳನ್ನು ಗುರುತಿಸುವುದಾದರೂ ಅದನ್ನೇ ನೆಚ್ಚಿಕೊಂಡಿರುವುದು ಕ್ಷೇಮವಲ್ಲ. ಒಂದೇ ವಾಸನೆಯ ನಡುವೆ ಕೆಲವು ಹೊತ್ತು ನಿಂತರೆ ಅದರ ಅರಿವು ಕುಂದುತ್ತದೆ. ಆದುದರಿಂದಲೇ ಅಪಾಯದ ಸ್ಥಳಗಳಲ್ಲಿ ದುಡಿಯುವವರಿಗೆ ಗಾಳಿಯನ್ನು ಪರೀಕ್ಷಿಸುವ ಸಾಧನವೊಂದು ಜೊತೆಯಲ್ಲಿರಬೇಕಾಗುತ್ತದೆ.

1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕಲ್ಲಿದ್ದಲ ಗಣಿಗಳಿಗಾಗಿ ತಂತಿಬಲೆಯ ರಕ್ಷಾದೀಪವನ್ನು ರೂಪಿಸಿದನು. ಗಣಿಯಲ್ಲಿ ಹೊತ್ತಿಕೊಳ್ಳುವ ಅನಿಲವಿದ್ದರೆ ಅದರ ಜ್ವಾಲೆಯ ಆಕಾರವೂ ಬಣ್ಣವೂ ಬದಲಾಗುತ್ತಿದ್ದುವು. ಆಮ್ಲಜನಕವು ತೀರ ಕಡಿಮೆಯಾದರೆ ದೀಪ ನಂದಿಹೋಗುತ್ತಿತ್ತು. ದೀಪ ಆರಿದುದು ಕಣ್ಣಿಗೆ ಕಾಣುತ್ತಿದ್ದುದರಿಂದ ಅದೇ ಒಂದು ಎಚ್ಚರಿಕೆಯಾಗಿತ್ತು.

ಇಂದು ಬಣ್ಣದ ಕಾರ್ಖಾನೆ, ಪೆಟ್ರೋಲಿಯಂ ಸಂಗ್ರಹಾಗಾರ ಮೊದಲಾದ ಕಡೆಗಳಲ್ಲಿ ಕೈಯಲ್ಲಿ ಹಿಡಿಯಬಹುದಾದ ಒಂದು ಉಪಕರಣವು ಬಳಕೆಯಲ್ಲಿದೆ. ಅದರೊಳಗೂ ಒಂದು ಪುಟ್ಟ ದೀಪವಿದೆ. ಕ್ರಿಪ್ಟಾನ್ ಅನಿಲವನ್ನು ತುಂಬಿದ ಈ ದೀಪವು ನೇರಳಾತೀತ ಕಿರಣಗಳನ್ನು ಸೂಸುತ್ತದೆ. ಒಂದು ಪಂಪು ಹೊರಗಿನ ಗಾಳಿಯನ್ನು ಎಳೆದು ಈ ಕಿರಣಗಳ ಮುಂದೆ ಹಾಯಿಸುತ್ತದೆ. ಬೆಂಜೀನ್, ಟಾಲೀನ್ ಮುಂತಾದವುಗಳ ಆವಿಯ ಅಣುಗಳು ಕಿರಣದ ಪೆಟ್ಟಿಗೆ ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನುಗಳಾಗುತ್ತವೆ. ಇದರಿಂದ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಅಳೆದು ಉಪಕರಣವು ಆವಿಯ ಪ್ರಮಾಣವನ್ನು ಅಂಕಿಗಳಲ್ಲಿ ತೋರಿಸುತ್ತದೆ.

ಈ ಕಿರಣದ ಶಕ್ತಿ 10.6 ಎಲೆಕ್ಟ್ರಾನ್ ವೋಲ್ಟ್. ಬೆಂಜೀನನ್ನು ಅಯಾನೀಕರಿಸಲು ಸುಮಾರು 9.2 ಸಾಕು. ಆದರೆ ಮೀಥೇನಿಗೆ 12.6, ಇಂಗಾಲದ ಮಾನಾಕ್ಸೈಡಿಗೆ 14 ಬೇಕು. ಆದಕಾರಣ ಈ ಎರಡು ಅನಿಲಗಳು ಎಷ್ಟೇ ಇದ್ದರೂ ಈ ದೀಪವು ಅವನ್ನು ಕಾಣಲಾರದು. ಅವುಗಳಿಗೆ ಬೇರೆ ಶೋಧಕಗಳೇ ಬೇಕು.

ಈಗ ಒಂದು ಮುಖ್ಯವಾದ ಪ್ರಶ್ನೆ ಏಳುತ್ತದೆ. ಉಪಕರಣವು ಸೊನ್ನೆಯನ್ನು ತೋರಿಸಿದರೆ ಅದರ ಅರ್ಥವೇನು? ಗಾಳಿಯು ಶುದ್ಧವಾಗಿರಬಹುದು. ಇಲ್ಲವೇ ದೀಪವು ಹೊತ್ತದೆ ಇರಬಹುದು. ಎರಡಕ್ಕೂ ಅಂಕಿ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯು ಇಲ್ಲಿಗೂ ಸಲ್ಲುತ್ತದೆ. ಡೇವಿಯ ದೀಪ ಆರಿದರೆ ಕತ್ತಲೆ ಕವಿಯುತ್ತಿತ್ತು. ಈ ದೀಪ ಆರಿದರೆ ಹೊರಗೆ ಏನೂ ಬದಲಾಗುವುದಿಲ್ಲ. ಆ ಸೊನ್ನೆಯನ್ನು ನಂಬಿ ತೊಟ್ಟಿಯೊಳಗೆ ಇಳಿದವನ ಪ್ರಾಣಕ್ಕೇ ಅಪಾಯ ಒದಗಬಹುದು.

ಆದುದರಿಂದ ಕೆಲಸಕ್ಕೆ ಮುನ್ನ ಉಪಕರಣವನ್ನೇ ಪರೀಕ್ಷಿಸಬೇಕು. ಮೊದಲು ಶುದ್ಧ ಗಾಳಿಯನ್ನು ಕೊಟ್ಟು ಸೊನ್ನೆ ಬರುವುದೇ ಎಂದು ನೋಡಬೇಕು. ಅನಂತರ ಪ್ರಮಾಣವು ತಿಳಿದಿರುವ ಅನಿಲವನ್ನು ಹಾಯಿಸಬೇಕು. ಸಾಮಾನ್ಯವಾಗಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ ಐಸೊಬ್ಯೂಟಿಲೀನ್ ಇರುವ ಮಿಶ್ರಣವನ್ನು ಇದಕ್ಕೆ ಬಳಸುತ್ತಾರೆ. ಆಗ 100ರ ಬದಲು 60 ಎಂದು ತೋರಿಸಿದರೆ ದೋಷವಿದೆ ಎಂದೇ ತಿಳಿಯಬೇಕು.

ದೋಷವನ್ನು ಹುಡುಕುವುದಕ್ಕೂ ಒಂದು ಕ್ರಮವುಂಟು. ಗಾಳಿಯನ್ನು ಸೋಸುವ ಫಿಲ್ಟರು ಕಟ್ಟಿಕೊಂಡಿದೆಯೇ, ಪಂಪು ಸರಿಯಾಗಿ ಎಳೆಯುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಅವು ಸರಿಯಾಗಿದ್ದರೆ ಉಪಕರಣವನ್ನು ಆರಿಸಿ ದೀಪವನ್ನು ಹೊರತೆಗೆಯಬೇಕು. ಮೆಗ್ನೀಸಿಯಂ ಫ್ಲೋರೈಡಿನಿಂದ ಮಾಡಿದ ಅದರ ಕಿಟಕಿಯ ಮೇಲೆ ಧೂಳೂ ಜಿಡ್ಡೂ ಕೂಡಿ ತೆಳುವಾದ ಪೊರೆ ಕಟ್ಟಿರುವುದು ಸಾಮಾನ್ಯ. ಶುದ್ಧ ಮೆಥನಾಲಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ಮೃದುವಾಗಿ ಒರಸಿ, ಪೂರ್ತಿ ಒಣಗಿಸಬೇಕು. ಬೆರಳು ತಾಗಿದರೆ ಮತ್ತೆ ಜಿಡ್ಡು ಅಂಟುತ್ತದೆ. ಉರಿಯುವ ದೀಪವನ್ನು ನೇರವಾಗಿ ನೋಡಬಾರದು. ಆ ಕಿರಣವು ಕಣ್ಣಿಗೆ ಹಾನಿಕರ. ತೇವವು ಸೇರಿಕೊಂಡಾಗ ಇದಕ್ಕೆ ವಿರುದ್ಧವಾಗಿ, ಇಲ್ಲದ ಆವಿಯನ್ನು ಇದೆಯೆಂದು ಉಪಕರಣವು ತೋರಿಸುವುದೂ ಉಂಟು. ಒರಸಿ ಒಣಗಿಸಿದ ಮೇಲೂ ದೀಪವು ಹೊತ್ತದಿದ್ದರೆ ಅಥವಾ ಮಂಕಾಗಿಯೇ ಉಳಿದರೆ ಹೊಸದನ್ನು ಹಾಕಿ, ಮತ್ತೆ ಪರೀಕ್ಷಿಸಬೇಕು.

ಕೆಲವರು ಕಿಟಕಿಯನ್ನು ಒರಸದೆ, 60 ತೋರುವ ಉಪಕರಣವನ್ನು 100 ತೋರುವಂತೆ ಹೊಂದಿಸಿ ಸುಮ್ಮನಾಗುತ್ತಾರೆ. ಅಂಕಿ ಸರಿಹೋಗುತ್ತದೆ, ಮಂಕು ಹಾಗೆಯೇ ಉಳಿಯುತ್ತದೆ, ದಿನದಿನಕ್ಕೆ ಬೆಳೆಯುತ್ತದೆ.

ಯಂತ್ರವು ತಾನು ಕಂಡುದನ್ನು ಮಾತ್ರ ಹೇಳಬಲ್ಲುದು; ತನಗೆ ಕಾಣುತ್ತಿಲ್ಲವೆಂಬುದನ್ನು ಎಲ್ಲ ವೇಳೆಯಲ್ಲಿಯೂ ಹೇಳಲಾರದು. ಅದನ್ನು ಕೇಳಿ ತಿಳಿಯುವ ಹೊಣೆ ಅದನ್ನು ಹಿಡಿದ ಕೈಯದು.