ದುಬೈಯಲ್ಲಿ ಒಂದೇ ಮೇಜು, ಊರಿನಲ್ಲಿ ಎರಡು

ಮೊನ್ನೆ ಮದ್ರಸದಲ್ಲಿ ಮಕ್ಕಳ ಹತ್ತಿರ, ‘ಗಲ್ಫಲ್ಲಿ ನಿಮ್ಮ ಉಪ್ಪ ದಿನಾ ಎಂತ ತಿನ್ನುದು?’ ಎಂದು ಕೇಳಿದೆವು. ‘ಮಂದಿ, ಅಲ್ ಫಹಮ್, ಶವರ್ಮ’ ಎಂದು ಒಬ್ಬ ಥಟ್ಟನೆ ಹೇಳಿದ. ಉಳಿದವರೂ ತಲೆಯಾಡಿಸಿದರು. ನಮಗೆ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಶುಕ್ರವಾರದ ಫೋಟೊ ಮಾತ್ರ. ಉಳಿದ ಆರು ದಿನದ ಫೋಟೊ ಯಾರೂ ಕಳಿಸುವುದಿಲ್ಲ.

ನಾವೂ 2006ರಿಂದ ಮೂರು ವರ್ಷ ದುಬೈಯ ದೇರಾದಲ್ಲಿ ಇದ್ದವರು. ಸಗಟು ಅಂಗಡಿಯೊಂದರಲ್ಲಿ ಕೆಲಸ. ಒಂದು ರೂಮಲ್ಲಿ ಎಂಟು ಮಂದಿ, ಮೇಲೊಂದು ಕೆಳಗೊಂದು ಮಂಚ. ರಾತ್ರಿ ಮೆಸ್ಸಿನ ದಾಲ್, ಇರಾನಿ ಬೇಕರಿಯ ಬಿಸಿ ಖುಬ್ಬೂಸ್, ವಾರಕ್ಕೆ ಎರಡು ಸಲ ಮೀನ್ ಸಾರು. ಆಗ ಒಂದು ದಿರ್ಹಂಗೆ ಹನ್ನೆರಡು ರೂಪಾಯಿಯ ಲೆಕ್ಕ. ಹತ್ತು ದಿರ್ಹಂನ ಊಟ ಎಂದರೆ ಊರಲ್ಲಿ ತಂಗಿಯ ಒಂದು ಪುಸ್ತಕದ ಖರ್ಚು ಎಂದು ಮನಸ್ಸು ತಾನಾಗಿಯೇ ಗುಣಿಸುತ್ತಿತ್ತು. ಹಾಗಾಗಿ ಹೋಟೆಲಿಗೆ ಹೋಗುವುದು ವಾರಕ್ಕೊಮ್ಮೆ, ಶುಕ್ರವಾರ ಮಾತ್ರ. ಈಗ ಅಲ್ಲಿ ಸರಕಾರಿ ರಜೆ ಶನಿವಾರ, ಭಾನುವಾರ. 2022ರ ಜನವರಿಯಲ್ಲಿ ಬದಲಾಯಿತು. ನಮ್ಮ ಕಾಲದಲ್ಲಿ ಅಂಗಡಿಯವರಿಗೆ ಶುಕ್ರವಾರ ಒಂದೇ ರಜೆ.

ಆ ಒಂದು ದಿನ ಒಂದು ದಿರ್ಹಂ ಕೊಟ್ಟು ಅಬ್ರಾ ದೋಣಿಯಲ್ಲಿ ಖೋರ್ ದಾಟಿದರೆ ಬರ್ ದುಬೈ. ಅಲ್ಲಿಂದ ಸ್ವಲ್ಪ ಮುಂದೆ ಕರಾಮ, ಸತ್ವಾ. ಲೋಕದ ಊಟ ಎಲ್ಲ ಅಲ್ಲಿ ಉಂಟು. ಸತ್ವಾದಲ್ಲಿ 1978ರಿಂದ ಇರುವ ಪಾಕಿಸ್ತಾನಿಗಳ ರಾವಿ ಹೋಟೆಲು, ಅದೇ ವರ್ಷ ಬರ್ ದುಬೈಯಲ್ಲಿ ಶುರುವಾದ ಇರಾನಿಗಳ ಅಲ್ ಉಸ್ತಾದ್ ಕಬಾಬ್, ಗಲ್ಲಿ ಗಲ್ಲಿಯಲ್ಲಿ ಮಲಯಾಳಿಗಳ ಕೆಫೆಟೇರಿಯ, ಫಿಲಿಪಿನೋಗಳ ಅಂಗಡಿ. ಶುಕ್ರವಾರ ಯಾವ ಹೋಟೆಲಲ್ಲೂ ಖಾಲಿ ಮೇಜು ಸಿಗುವುದಿಲ್ಲ. ಒಂದು ಕುರ್ಚಿ ಕಂಡಲ್ಲಿ ಕೂರುವುದು. ಎದುರಿಗೆ ಪೇಶಾವರದ ಟ್ಯಾಕ್ಸಿ ಡ್ರೈವರ್ ಇರಬಹುದು, ನೇಪಾಳದ ಸೆಕ್ಯುರಿಟಿ ಇರಬಹುದು. ಅವನ ಜಗ್ಗಿನಿಂದ ನಾವು ನೀರು ಬಗ್ಗಿಸಿಕೊಳ್ಳುವುದು, ನಮ್ಮ ಉಪ್ಪಿನಕಾಯಿ ಅವನ ಕಡೆ ತಳ್ಳುವುದು. ನೀನು ಯಾರು ಎಂದು ಯಾರೂ ಕೇಳುವುದಿಲ್ಲ.

ಆದರೆ ಅಪರಿಚಿತರೊಟ್ಟಿಗೆ ಕೂರುವುದು ಸುಲಭ. ಕಷ್ಟ ಇದ್ದದ್ದು ನಮ್ಮ ಊರಿನವರೇ ಒಟ್ಟಿಗೆ ಹೋಗುವಾಗ. ನಮ್ಮ ಕಟ್ಟಡದಲ್ಲೇ ಬೆಳ್ತಂಗಡಿ ಕಡೆಯ ಶೆಟ್ರೊಬ್ಬರು ಇದ್ದರು, ಮೂಡುಬಿದಿರೆಯ ಜೈನ ಗೆಳೆಯನೊಬ್ಬ ಇದ್ದ. ಪರಿಚಯ ಆದದ್ದು ಲಿಫ್ಟಿನಲ್ಲಿ, ಫೋನಿನಲ್ಲಿ ತುಳು ಮಾತಾಡುವುದು ಕೇಳಿ. ಮನೆಯಲ್ಲಿ ಬ್ಯಾರಿ ಮಾತಾಡಿದರೂ ದೂರದ ಊರಲ್ಲಿ ತುಳು ಕಿವಿಗೆ ಬಿದ್ದರೆ ಕಾಲು ನಿಲ್ಲುತ್ತದೆ. ಆಮೇಲೆ ಶುಕ್ರವಾರ ಎಲ್ಲರೂ ಒಟ್ಟಿಗೆ ಹೊರಡುವುದು ಎಂದಾಯಿತು. ಎಲ್ಲಿಗೆ? ಅಲ್ಲಿ ಮಾಂಸ ಹಲಾಲೇ, ನಮಗೆ ಪ್ರಶ್ನೆ ಇಲ್ಲ. ಶೆಟ್ರು ಕೋಳಿ, ಮೀನು ತಿನ್ನುತ್ತಾರೆ, ದನದ್ದು ಮುಟ್ಟುವುದಿಲ್ಲ. ಜೈನ ಗೆಳೆಯನಿಗೆ ಮಾಂಸ, ಮೊಟ್ಟೆ ಇಲ್ಲ, ಬಟಾಟೆ, ನೀರುಳ್ಳಿ ಇಲ್ಲ, ಸೂರ್ಯ ಮುಳುಗಿದ ಮೇಲೆ ಊಟವೇ ಇಲ್ಲ.

ಕೊನೆಗೆ ಇತ್ಯರ್ಥ ಆದದ್ದು ಹೀಗೆ: ರಾತ್ರಿಯ ಬದಲು ಮಧ್ಯಾಹ್ನ, ಜುಮಾ ಮುಗಿದ ಕೂಡಲೇ, ಕರಾಮದ ಒಂದು ಸಸ್ಯಾಹಾರಿ ಹೋಟೆಲು. ಮೊದಲ ವಾರ ನಮ್ಮ ರೂಮಿನ ಒಬ್ಬ ಗೊಣಗಿದ, ‘ದುಬೈಗೆ ಬಂದು ದೋಸೆ ತಿನ್ನುದಾ ಮಾರಾಯ?’ ಆದರೆ ಅಡುಗೆಯವ ಕುಂದಾಪುರದವ. ಸಾಂಬಾರಿನ ತೆಂಗಿನ ಪರಿಮಳಕ್ಕೆ ಗೊಣಗಿದವನೇ ಎರಡನೇ ಸಲ ಅನ್ನ ಹಾಕಿಸಿಕೊಂಡ. ನೀರುಳ್ಳಿ ಇಲ್ಲದ ಪಲ್ಯ ಎಂತ ಉಂಟು ಎಂದು ಕೆಲವು ವಾರದ ನಂತರ ಸಪ್ಲೈಯರ್ ಹತ್ತಿರ ಕೇಳುತ್ತಿದ್ದದ್ದು ಅವನೇ. ನಾವೆಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟೆವು. ಯಾರದೂ ಏನೂ ಕಡಿಮೆಯಾಗಲಿಲ್ಲ.

ರಮಝಾನ್ ಬಂತು. ಆಗ ಹಗಲಲ್ಲಿ ಹೆಚ್ಚಿನ ಹೋಟೆಲು ಬಾಗಿಲು ಹಾಕುತ್ತಿದ್ದವು, ತೆರೆದವು ಪರದೆ ಕಟ್ಟಬೇಕಿತ್ತು. 2021ರಿಂದ ದುಬೈಯಲ್ಲಿ ಪರದೆಯ ಕಡ್ಡಾಯವೂ ಇಲ್ಲ. ಆ ತಿಂಗಳು ನಮ್ಮ ಶುಕ್ರವಾರದ ಊಟ ರೂಮಿಗೆ ಬಂತು. ಸಂಜೆ ಶೆಟ್ರು ಕಲ್ಲಂಗಡಿ ಕೊಯ್ದು ಜೋಡಿಸುತ್ತಿದ್ದರು. ಜೈನ ಗೆಳೆಯ ನಮಗಿಂತ ಮೊದಲೇ, ಅಲ್ಲೇ ಬದಿಯಲ್ಲಿ ಕೂತು ಉಣ್ಣುತ್ತಿದ್ದ. ಅವನದು ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು, ನಮ್ಮದು ಸೂರ್ಯ ಮುಳುಗಿದ ಮೇಲೆ ಶುರುವಾಗಬೇಕು. ಅವನು ಕೊನೆಯ ಗುಟುಕು ನೀರು ಕುಡಿದು ಲೋಟ ಕೆಳಗಿಡುವಾಗ ಮಗ್ರಿಬ್ ಬಾಂಗ್ ಕೇಳುತ್ತಿತ್ತು, ನಾವು ಲೋಟ ಎತ್ತುತ್ತಿದ್ದೆವು. ಒಂದು ದಿನ ಅವನೇ ಹೇಳಿದ, ‘ನಮ್ಮದೂ ನಿಮ್ಮದೂ ಗಡಿಯಾರ ಒಂದೇ ಮಾರ್ರೆ, ಪಾಳಿ ಮಾತ್ರ ಬೇರೆ.’

ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸಲ್ಲಿ ಎಷ್ಟು ದೂರ? ಸಾವಿರ ಕಂಬದ ಬಸದಿಯ ಎದುರು ನಾವು ಎಷ್ಟು ಸಲ ಹೋಗಿಲ್ಲ? ಆದರೂ ಜೈನರೊಬ್ಬರು ಸಂಜೆ ಯಾಕೆ ಬೇಗ ಉಣ್ಣುತ್ತಾರೆ ಎಂದು ತಿಳಿಯಲು ನಮಗೆ ಅರಬ್ಬಿ ಸಮುದ್ರ ದಾಟಬೇಕಾಯಿತು. ಊರಲ್ಲಿ ನಾವು ಜಗಳ ಮಾಡಿದವರಲ್ಲ. ಒಟ್ಟಿಗೆ ಕೂತವರೂ ಅಲ್ಲ.

ಹಿರಿಯರ ಕಾಲದಲ್ಲಿ ಇದಕ್ಕೂ ಒಂದು ದಾರಿ ಇತ್ತು. ನಮ್ಮ ಮದುವೆಗಳಲ್ಲಿ ಹಿಂದೂ ಸ್ನೇಹಿತರಿಗೆ ಅವರದ್ದೇ ಅಡುಗೆಯವರನ್ನು ಕರೆಸಿ ಬೇರೆ ಸಸ್ಯಾಹಾರಿ ಪಂಕ್ತಿ ಹಾಕುವ ಕ್ರಮ ಉಂಟು. ಪಂಕ್ತಿ ಬೇರೆಯಾದರೂ ಚಪ್ಪರ ಒಂದೇ. ಈಗ ಆ ಚಪ್ಪರಕ್ಕೂ ಗಾಳಿ ಹೊಡೆದಿದೆ. 2022ರಲ್ಲಿ ಯುಗಾದಿ ಸಮಯ ಹಲಾಲ್ ವಿವಾದ ಎದ್ದದ್ದು, ಜಾತ್ರೆಗಳಲ್ಲಿ ನಮ್ಮ ವ್ಯಾಪಾರಿಗಳಿಗೆ ಜಾಗ ಇಲ್ಲ ಎಂದದ್ದು ಎಲ್ಲರಿಗೂ ನೆನಪುಂಟು. ಅದರ ನಂತರ ಹೋಟೆಲಿನ ಬೋರ್ಡ್ ನೋಡಿ, ಮಾಲಕ ಯಾರೆಂದು ವಿಚಾರಿಸಿ ಒಳಗೆ ಹೋಗುವವರು ಜಾಸ್ತಿಯಾದರು. ಆ ಕಡೆ ಮಾತ್ರ ಅಲ್ಲ, ಈ ಕಡೆಯೂ. ಹಲಾಲಾ ಎಂದು ಕೇಳುವುದು ನಮ್ಮ ಹಕ್ಕು, ಅದು ಬೇರೆ. ಚಾ ಕುಡಿಯಲಿಕ್ಕೂ ‘ನಮ್ಮವರ ಹೋಟೆಲೇ ಆಗಬೇಕು’ ಎನ್ನುವ ಹುಡುಗರನ್ನು ನಾವು ಮದ್ರಸದಲ್ಲೇ ನೋಡುತ್ತಿದ್ದೇವೆ.

ಗಲ್ಫಿನ ಊಟ ಮಾತ್ರ ಊರಿಗೆ ಧಾರಾಳ ಬಂದಿದೆ. ಬಿ.ಸಿ.ರೋಡ್, ಗುರುವಾಯನಕೆರೆ, ಮೂಡುಬಿದಿರೆ ಎಲ್ಲ ಕಡೆ ಈಗ ಮಂದಿ ಸಿಗುತ್ತದೆ. ಅದು ಯಮನಿನ ಹದ್ರಮೌತ್ ಕಡೆಯ ಅಡುಗೆ. ನೆಲದೊಳಗಿನ ಒಲೆಯಲ್ಲಿ ಅನ್ನದ ಮೇಲೆ ಮಾಂಸ ನೇತುಹಾಕಿ ಬೇಯಿಸುವುದು, ದೊಡ್ಡ ತಟ್ಟೆಗೆ ಬಡಿಸಿ ನಾಲ್ಕೈದು ಮಂದಿ ಸುತ್ತ ಕೂರುವುದು ಅದರ ಕ್ರಮ. ನಾವು ತಟ್ಟೆ ತಂದೆವು, ಮಸಾಲೆ ತಂದೆವು. ಸುತ್ತ ಕೂರುವವರನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು.

ಹಾಗಂತ ಊರಲ್ಲಿ ಏನೂ ಉಳಿದಿಲ್ಲ ಎಂದಲ್ಲ. ಕಲ್ಲಡ್ಕದ ಹೆಸರು ಬೇರೆ ಬೇರೆ ಕಾರಣಕ್ಕೆ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಕೆ.ಟಿ. ಕುಡಿಯಲು ನಿಂತವರನ್ನು ನೋಡಿ. ಗ್ಲಾಸಿನಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ನಡುವೆ ಗೆರೆ ಎಳೆದ ಹಾಗೆ. ಟೊಪ್ಪಿಯವರೂ, ಕುಂಕುಮದವರೂ ಅದನ್ನು ಕಲಸಿಯೇ ಕುಡಿಯುವುದು.

ಕಳೆದ ವರ್ಷ ಜೈನ ಗೆಳೆಯ ರಜೆಯಲ್ಲಿ ಬಂದಿದ್ದ. ಶೆಟ್ರು ಈಗ ಊರಲ್ಲೇ ತೋಟ ಮಾಡಿಕೊಂಡಿದ್ದಾರೆ. ಮೂವರೂ ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತು ಗುರುವಾಯನಕೆರೆಯ ಒಂದು ಸಸ್ಯಾಹಾರಿ ಹೋಟೆಲಲ್ಲಿ ಸೇರಿದೆವು. ನಾವು ಹಳೇ ಶುಕ್ರವಾರಗಳನ್ನು ನೆನೆದು ನಗುವಾಗ ಮಕ್ಕಳು ಮೇಜಿನ ಮೂರು ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದರು. ಒಂದೇ ತಾಲೂಕಿನ ಸುತ್ತಮುತ್ತ ಓದುವ ಮಕ್ಕಳು, ಒಬ್ಬರಿಗೊಬ್ಬರು ಹೇಳಲು ಒಂದು ಮಾತಿಲ್ಲ. ನಮಗೆ ಹೆದರಿಕೆಯಾದದ್ದು ಆಗ. ನಮ್ಮ ಸ್ನೇಹ ನಮ್ಮೊಟ್ಟಿಗೇ ಮುಗಿಯುತ್ತದಾ?

ಊಟದ ನಡುವೆ ನಮ್ಮ ಮಗ ಮೆಲ್ಲ ಕೇಳಿದ, ‘ಅವರು ಸಾಂಬಾರಿನ ನೀರುಳ್ಳಿ ಯಾಕೆ ಬದಿಗಿಟ್ಟದ್ದು?’ ‘ಅವರ ಮಗನ ಹತ್ತಿರವೇ ಕೇಳು’ ಎಂದೆವು. ಕೇಳಿದ. ಆ ಹುಡುಗ ಉತ್ತರ ಹೇಳಿ, ‘ನೋಂಬಿನಲ್ಲಿ ನೀವು ನೀರೂ ಕುಡಿಯುದಿಲ್ವಾ?’ ಎಂದು ತಿರುಗಿ ಕೇಳಿದ. ಅಲ್ಲಿಂದ ಮಾತು ಶುರುವಾಯಿತು. ಬಿಲ್ ಯಾರು ಕೊಡುವುದೆಂದು ನಾವು ಮೂವರು ಜಗಳ ಮಾಡಿ ತಿರುಗಿ ನೋಡುವಾಗ ಮಕ್ಕಳು ಹೊರಗೆ ನಿಂತು ನಂಬರ್ ಬರೆದುಕೊಳ್ಳುತ್ತಿದ್ದರು.

ಗಲ್ಫಿನಿಂದ ರಜೆಯಲ್ಲಿ ಬರುವ ಸಹೋದರರಲ್ಲಿ ನಮ್ಮದೊಂದೇ ಕೋರಿಕೆ. ಚಾಕಲೇಟ್, ಅತ್ತರ್ ತನ್ನಿ, ಬೇಡ ಎನ್ನುವುದಿಲ್ಲ. ಅದರ ಒಟ್ಟಿಗೆ ಅಲ್ಲಿ ನಿಮ್ಮೊಂದಿಗೆ ಉಂಡ ಊರಿನ ಗೆಳೆಯನನ್ನೂ ಒಂದು ದಿನ ನಿಮ್ಮ ಮಕ್ಕಳ ಎದುರು ಕೂರಿಸಿ. ಹೋಟೆಲು ಯಾವುದು ಎಂದು ಅವನಿಗೇ ಆರಿಸಲು ಬಿಡಿ.